.357 ತಗೊಳ್ಳಿ, ಅಜ್ಜನ ರೈಫಲ್‌ಗೆ ಅಲ್ಲಿಂದ ತೋಟಾ ತರಬೇಡಿ

ಪ್ರಶ್ನೆ: ನಮ್ಮದು ಜಮಖಂಡಿ ತಾಲ್ಲೂಕು. ಹದಿನಾಲ್ಕು ವರ್ಷದಿಂದ ಅಮೆರಿಕದ ಒಹಾಯೊ ರಾಜ್ಯದಲ್ಲಿದ್ದೇನೆ, ಈಗ ಗ್ರೀನ್ ಕಾರ್ಡ್ ಬಂದಿದೆ. ಪಿಸ್ತೂಲಿನ ತೋಟಾ ಹಾಕುವ ಲಿವರ್ ಆ್ಯಕ್ಷನ್ ರೈಫಲ್ (ಟ್ರಿಗರ್ ಸುತ್ತಲಿನ ಹಿಡಿಯನ್ನು ತಗ್ಗಿಸಿ ಎತ್ತಿ ತೋಟಾ ಏರಿಸುವಂಥದ್ದು) ಒಂದನ್ನು ತಗೊಳ್ಳಬೇಕು ಅಂತಿದ್ದೇನೆ. ವಾರಕ್ಕೊಮ್ಮೆ ರೇಂಜಿನಲ್ಲಿ ಗುರಿ ಹೊಡೆಯಲು, ವರ್ಷಕ್ಕೊಮ್ಮೆ ಗೆಳೆಯರ ಜೊತೆ ಜಿಂಕೆ ಬೇಟೆಗೆ. ಹೆಂಡತಿಯೂ ಹೊಡೆಯುತ್ತಾಳೆ, ಅವಳು ಎಡಚಿ. .357 ಮ್ಯಾಗ್ನಮ್ ಒಳ್ಳೆಯದಾ, .44 ಮ್ಯಾಗ್ನಮ್ಮಾ? ಯಾವ ಕಂಪನಿಯದು? ಇನ್ನೊಂದು ಮಾತು. ಊರ ಮನೆಯಲ್ಲಿ ಅಜ್ಜನ ಕಾಲದ ಲಿವರ್ ರೈಫಲ್ ಇದೆ. ನಳಿಗೆ ಮೇಲೆ 44 ಅಂತ ಕೆತ್ತಿದೆ. ಲೈಸೆನ್ಸ್ ಅಪ್ಪನ ಹೆಸರಲ್ಲಿದೆ, ಅವರಿಗೆ 76 ವರ್ಷ. ನಾನು .44 ತಗೊಂಡರೆ ಎರಡಕ್ಕೂ ಒಂದೇ ತೋಟಾ ಆಗುತ್ತದಲ್ವಾ? ಬರುವಾಗ ಒಂದು ಡಬ್ಬಿ ತರಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಯಾಕಂದ್ರೆ ಅಪಾಯ ಇರುವುದು ಅಲ್ಲಿ. ಆಗುವುದಿಲ್ಲ, ತರಲೂಬಾರದು. ಅಜ್ಜನ ರೈಫಲ್ ಮೇಲಿನ 44 ಬೇರೆ, ನಿಮ್ಮ ಅಂಗಡಿಯಲ್ಲಿ ಸಿಗುವ .44 ಮ್ಯಾಗ್ನಮ್ ಬೇರೆ. ನಳಿಗೆಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಲು ಅಪ್ಪನಿಗೆ ಹೇಳಿ. 44 ಆದ ಮೇಲೆ ಡಬ್ಲ್ಯು, ಸಿ, ಎಫ್ ಅಂತ ಮೂರು ಇಂಗ್ಲಿಷ್ ಅಕ್ಷರ ಇರಬೇಕು. ವಿಂಚೆಸ್ಟರ್ ಸೆಂಟರ್ ಫೈರ್ ಅಂತ ಅದರ ಅರ್ಥ. ಜನ ಅದನ್ನೇ .44-40 ಅನ್ನುತ್ತಾರೆ. 1873ರ ತೋಟಾ ಅದು: 40 ಗ್ರೇನ್ ಕಪ್ಪು ಮದ್ದು, 200 ಗ್ರೇನ್ ಸೀಸದ ಗುಂಡು (ಗ್ರೇನ್ ಅಂದರೆ ತೂಕದ ಸಣ್ಣ ಅಳತೆ). .44 ಮ್ಯಾಗ್ನಮ್ ಬಂದದ್ದು 1955ರಲ್ಲಿ. ಅದು ಸಿಡಿದಾಗ ಒಳಗೆ ಏಳುವ ಒತ್ತಡಕ್ಕೆ ಅಮೆರಿಕದ ತಯಾರಕರು ಒಪ್ಪಿಕೊಂಡ ಮಿತಿ ಚದರ ಇಂಚಿಗೆ 36,000 ಪೌಂಡ್. .44-40ಕ್ಕೆ 11,000. ಮೂರು ಪಟ್ಟಿಗಿಂತ ಜಾಸ್ತಿ ಆಯಿತು. ಸರಿಯಾಗಿ ಕೊರೆದ .44-40 ನಳಿಗೆಯಲ್ಲಿ ಮ್ಯಾಗ್ನಮ್ ತೋಟಾ ಪೂರ್ತಿ ಕೂರುವುದೂ ಇಲ್ಲ, ಯಾಕಂದ್ರೆ .44-40 ತೋಟಾದ ಕತ್ತು, ಅಂದರೆ ಗುಂಡು ಕೂರುವ ತುದಿ, ಸಣ್ಣದು. ಆದರೆ ನೂರು ವರ್ಷ ಸವೆದ, ಯಾರ್ಯಾರೋ ಕೈಯಾಡಿಸಿದ ನಳಿಗೆಯನ್ನು ನಂಬಿ ಇಂಥದ್ದನ್ನು ಮಾಡಿ ನೋಡಬಾರದು.

ಅಜ್ಜನ ರೈಫಲ್ ವಿಚಾರಕ್ಕೆ ಮತ್ತೆ ಬರುತ್ತೇನೆ, ಅದರಲ್ಲಿ ಹೇಳುವುದು ಬಹಳ ಇದೆ. ಈಗ ನೀವು ಕೊಳ್ಳುವುದರ ಮಾತು.

ನನ್ನ ಸಲಹೆ .357. ಕಾರಣ ಹೇಳುವ ಮೊದಲು ಒಂದು ವಿಷಯ ತಿಳಿದಿರಲಿ. ಪಿಸ್ತೂಲಿನ ತೋಟಾ ರೈಫಲ್‌ಗೆ ಹಾಕುವುದು ಹೊಸ ಶೋಕಿ ಅಲ್ಲ. 1873ರಲ್ಲಿ ವಿಂಚೆಸ್ಟರ್ ಆ .44-40 ರೈಫಲ್ ಹೊರತಂದ ಕೆಲವೇ ವರ್ಷಗಳಲ್ಲಿ ಕೋಲ್ಟ್ ಕಂಪನಿಯೂ ಅದೇ ತೋಟಾಕ್ಕೆ ರಿವಾಲ್ವರ್ ಮಾಡಿತು. ಊರು ಬಿಟ್ಟರೆ ದಿನಗಟ್ಟಲೆ ಅಂಗಡಿ ಸಿಗದ ನಾಡು ಅದು. ಸೊಂಟದ್ದಕ್ಕೂ ಹೆಗಲಿನದಕ್ಕೂ ಒಂದೇ ತೋಟಾ ಆದರೆ ಎಷ್ಟು ಅನುಕೂಲ ನೋಡಿ. ನಿಮಗೆ ಇವತ್ತು ಆ ಕಾರಣ ಇಲ್ಲ. ನಿಮ್ಮ ಕಾರಣ ಬೇರೆ: ಕಡಿಮೆ ಖರ್ಚು, ಕಡಿಮೆ ಒದೆತ, ಮತ್ತು ಉದ್ದ ನಳಿಗೆ ಕೊಡುವ ಬಲ.

ಉದ್ದ ನಳಿಗೆಯ ಬಲವನ್ನು ನಮ್ಮ ವಿಜಯಪುರದಲ್ಲೇ ನಿಂತು ಅರ್ಥ ಮಾಡಿಕೊಳ್ಳಬಹುದು. ಶಾಲೆಯಲ್ಲಿದ್ದಾಗ ನೀವೂ ಪ್ರವಾಸ ಹೋಗಿರುತ್ತೀರಿ. ಮಲಿಕ್-ಎ-ಮೈದಾನ್ ತೋಪು ಸುಮಾರು 14 ಅಡಿ ಉದ್ದ, ಬಾಯಿ ಎರಡು ಅಡಿಗಿಂತ ಅಗಲ, ಮಗು ಒಳಗೆ ಕೂರಬಹುದು. ಅಲ್ಲಿಂದ ಸ್ವಲ್ಪ ದೂರದಲ್ಲಿ ಉಪ್ಪಲಿ ಬುರುಜು. ಅದರ ಮೇಲಿನ ಉದ್ದ ತೋಪು ಸುಮಾರು 30 ಅಡಿ, ಬಾಯಿ ಮಾತ್ರ ಒಂದೇ ಅಡಿ. ಮೊದಲನೆಯದು ಹತ್ತಿರ ಬಂದ ಸೈನ್ಯದ ಮೇಲೆ ರಾಶಿ ಎರಚಲು, ಎರಡನೆಯದು ದೂರ ಎಸೆಯಲು. ಮದ್ದು ಉರಿದು ಹೊಗೆ ಹಿಗ್ಗುತ್ತದೆ, ಗುಂಡನ್ನು ಹಿಂದಿನಿಂದ ನೂಕುತ್ತದೆ. ನಳಿಗೆ ಮುಗಿಯಿತು ಅಂದರೆ ನೂಕುವುದೂ ಮುಗಿಯಿತು. ಗಿಡ್ಡ ನಳಿಗೆಯಲ್ಲಿ ಮದ್ದು ಪೂರ್ತಿ ಉರಿಯುವ ಮೊದಲೇ ಗುಂಡು ಹೊರಗೆ ಬಂದಿರುತ್ತದೆ, ಉಳಿದದ್ದು ಬಾಯಲ್ಲಿ ಬೆಂಕಿಯಾಗಿ ಹೋಗುತ್ತದೆ. ಅದರ ಮೇಲೆ ರಿವಾಲ್ವರಿನಲ್ಲಿ ಸಿಲಿಂಡರ್‌ಗೂ ನಳಿಗೆಗೂ ನಡುವೆ ಸಣ್ಣ ಸಂದು ಇರುತ್ತದೆ, ಅಲ್ಲಿಂದಲೂ ಸೋರುತ್ತದೆ. ರೈಫಲ್‌ನಲ್ಲಿ ಆ ಸಂದು ಇಲ್ಲ.

ಲೆಕ್ಕ ಹೀಗಿದೆ. 158 ಗ್ರೇನ್ ಗುಂಡಿನ .357 ಮ್ಯಾಗ್ನಮ್ ತೋಟಾ 4 ಇಂಚಿನ ರಿವಾಲ್ವರಿನಿಂದ ಸೆಕೆಂಡಿಗೆ ಸುಮಾರು 1,250 ಅಡಿ ವೇಗದಲ್ಲಿ ಹೊರಡುತ್ತದೆ. ಅದೇ ತೋಟಾ 18 ಇಂಚಿನ ರೈಫಲ್‌ನಿಂದ ಸುಮಾರು 1,800 ಅಡಿ. ವೇಗ ಒಂದೂವರೆ ಪಟ್ಟಿನ ಹತ್ತಿರ ಬಂತು, ಶಕ್ತಿ ಎರಡು ಪಟ್ಟು ದಾಟಿತು. .44 ಮ್ಯಾಗ್ನಮ್‌ನಲ್ಲಿ 240 ಗ್ರೇನ್ ಗುಂಡು ರೈಫಲ್‌ನಿಂದ 1,700 ಅಡಿಯ ಆಸುಪಾಸು ಹೋಗುತ್ತದೆ. ಅದು ನಿಜಕ್ಕೂ ಜಾಸ್ತಿ ಬಲದ್ದು, ನಾನು ಅಲ್ಲಗಳೆಯುವುದಿಲ್ಲ. ಆದರೆ ನಿಮಗೆ ಅಷ್ಟು ಬಲ ಯಾತಕ್ಕೆ ಬೇಕು ಅನ್ನುವುದು ಪ್ರಶ್ನೆ.

.357 ರೈಫಲ್‌ನ ದೊಡ್ಡ ಗುಣ ಅದರ ತಮ್ಮನಲ್ಲಿದೆ. ಅಲ್ಲ, ವಯಸ್ಸಿನಲ್ಲಿ ನೋಡಿದರೆ ಅಣ್ಣ: .38 ಸ್ಪೆಷಲ್. 1890ರ ದಶಕದ ಕೊನೆಯಲ್ಲಿ ಬಂದದ್ದು. ಅದನ್ನೇ ಎಂಟನೆಯ ಒಂದು ಇಂಚಿನಷ್ಟು ಉದ್ದ ಮಾಡಿ, ಮದ್ದು ಹೆಚ್ಚಿಸಿ 1935ರಲ್ಲಿ .357 ಮ್ಯಾಗ್ನಮ್ ಮಾಡಿದರು. ಉದ್ದ ಮಾಡಿದ್ದೇ ಅದು ಹಳೆಯ .38 ರಿವಾಲ್ವರ್‌ಗಳಲ್ಲಿ ಹೋಗಬಾರದು ಅಂತ. ತಿರುಗಿಸಿ ನೋಡಿದರೆ .38 ಮಾತ್ರ .357 ನಳಿಗೆಯಲ್ಲಿ ಆರಾಮಾಗಿ ಹೋಗುತ್ತದೆ. ಮ್ಯಾಗ್ನಮ್‌ಗಿಂತ ಅಗ್ಗ, ಎಲ್ಲ ಕಡೆ ಸಿಗುತ್ತದೆ. ರೈಫಲ್‌ನಿಂದ ಹೊಡೆದರೆ ಒದೆತ ಇಲ್ಲವೇ ಇಲ್ಲ ಅನ್ನಬಹುದು. ನಿಧಾನದ .38 ಗುಂಡು ಉದ್ದ ನಳಿಗೆಯಿಂದಲೂ ಶಬ್ದದ ವೇಗಕ್ಕಿಂತ ಕೆಳಗೇ ಇರುತ್ತದೆ, ಹಾಗಾಗಿ ಆ ಚಟ್ ಅನ್ನುವ ಸದ್ದು ಬರುವುದಿಲ್ಲ. ಕಿವಿಗೆ ರಕ್ಷಣೆ ಹಾಕಿಕೊಳ್ಳುವುದನ್ನು ಮಾತ್ರ ಬಿಡಬಾರದು. ವಾರಕ್ಕೊಮ್ಮೆ ನೂರು ತೋಟಾ ಹೊಡೆಯುವವರಿಗೆ ಇದು ವರ್ಷದ ಕೊನೆಗೆ ದೊಡ್ಡ ಮೊತ್ತ.

.44 ಮ್ಯಾಗ್ನಮ್‌ಗೂ ಹೀಗೆ .44 ಸ್ಪೆಷಲ್ ಅನ್ನುವ ಮೆತ್ತಗಿನದು ಇದೆ. ಆದರೆ ಅದು ಅಗ್ಗ ಅಲ್ಲ, ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ಅಲ್ಲಿಗೆ ಲಾಭ ಹೋಯಿತು.

.45 ಕೋಲ್ಟ್ ಬಗ್ಗೆ ನೀವು ಕೇಳಿಲ್ಲ, ಆದರೆ ಅಂಗಡಿಯವರು ತೋರಿಸುತ್ತಾರೆ. ಒಳ್ಳೆಯ ಹಳೆಯ ತೋಟಾ. ಆದರೆ 19ನೇ ಶತಮಾನದಲ್ಲಿ ಅದಕ್ಕೆ ಲಿವರ್ ರೈಫಲ್ ಇರಲೇ ಇಲ್ಲ. ಆಗಿನ ತೋಟಾದ ಅಂಚು ಬಹಳ ಸಣ್ಣದು, ಎಳೆಯುವ ಕೊಕ್ಕೆಗೆ ಹಿಡಿತ ಸಿಗುತ್ತಿರಲಿಲ್ಲ. ನಿಮ್ಮ ಕೆಲಸಕ್ಕೆ ಅದು ಬೇಡ, ಮುಂದೆ ಹೋಗೋಣ.

ಒದೆತದ ವಿಷಯ ನಾನು ಅನುಭವಿಸಿಯೇ ಹೇಳುತ್ತೇನೆ. ಸೈನ್ಯದಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿ ನೋಡಿಕೊಳ್ಳುವವನು, ಆಗಿದ್ದು ನಿವೃತ್ತಿಯಾಗಿ ಬೆಳಗಾವಿಗೆ ಬಂದ ಮೇಲೆ ಮಗಳನ್ನು ನೋಡಲು ಟೆಕ್ಸಾಸ್‌ಗೆ ಹೋಗಿದ್ದೆ. ಅಳಿಯನ ಗೆಳೆಯರ ಬಳಿ ಎರಡು ಲಿವರ್ ರೈಫಲ್ ಇದ್ದವು. ಒಂದು ಎರಡೂವರೆ ಕಿಲೋ ತೂಗದ ಸಣ್ಣ .44 ಮ್ಯಾಗ್ನಮ್, ಅದರ ಹಿಂಬದಿಗೆ ರಬ್ಬರ್ ಇಲ್ಲ, ಬರೀ ಕಬ್ಬಿಣದ ಬಾಗಿದ ಪಟ್ಟಿ. ಹತ್ತು ಹೊಡೆದೆ, ಚೆನ್ನಾಗಿತ್ತು. ಇಪ್ಪತ್ತಾಗುವಾಗ ಹೊಡೆಯುವ ಮೊದಲೇ ಹೆಗಲು ಹಿಂದೆ ಸರಿಯುತ್ತಿತ್ತು. ಗುಂಡು ಗುರಿಯ ಕೆಳಗೆ ಬೀಳಲು ಶುರುವಾಯಿತು. ಮೂವತ್ತಕ್ಕೆ ನಿಲ್ಲಿಸಿದೆ. ರಾತ್ರಿ ನೋಡಿದರೆ ಹೆಗಲ ಮೇಲೆ ಪಟ್ಟಿಯ ಆಕಾರದ್ದೇ ಕಪ್ಪು ಕಲೆ. ಮರುದಿನ .357 ತಗೊಂಡು ನೂರೈವತ್ತು ಹೊಡೆದೆ. ಸಂಜೆ ಇನ್ನೂ ಹೊಡೆಯಬೇಕು ಅನ್ನಿಸಿತ್ತು. ಕೈ ಪಳಗುವುದು ಹೀಗೆ ಹೊಡೆದು ಹೊಡೆದೇ. ಹೆದರಿಸುವ ರೈಫಲ್ ಕಪಾಟಿನಲ್ಲೇ ಉಳಿಯುತ್ತದೆ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ನಾನು ವಿಸಿಟರ್ ವೀಸಾದಲ್ಲಿ ಹೋಗಿದ್ದೆ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಂಥವರು ಬಂದೂಕು ಕೈಯಲ್ಲಿ ಹಿಡಿಯುವಂತಿಲ್ಲ, ರೇಂಜಿನಲ್ಲೂ. ಅಲ್ಲಿನ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ. ಅದನ್ನು ಮೊದಲು ಮಾಡಿಸಿಕೊಂಡೇ ನಾನು ರೈಫಲ್ ಮುಟ್ಟಿದ್ದು. ಕೆಲಸದ ವೀಸಾದಲ್ಲಿ ಇರುವವರಿಗೂ ಇದೇ ನಿಯಮ. ನಿಮಗೆ ಗ್ರೀನ್ ಕಾರ್ಡ್ ಇರುವುದರಿಂದ ಈ ತಡೆ ಇಲ್ಲ, ಅಂಗಡಿಯಲ್ಲಿ ಫಾರ್ಮ್ ತುಂಬಿ, ಹಿನ್ನೆಲೆ ತಪಾಸಣೆ ಆದ ಮೇಲೆ ಕೊಡುತ್ತಾರೆ. ಹೆಂಡತಿಯ ಹೆಸರಿಗೂ ಗ್ರೀನ್ ಕಾರ್ಡ್ ಬಂದಿದೆಯಾ ನೋಡಿಕೊಳ್ಳಿ. ಮುಂದೆ ಅಪ್ಪ ಅಮ್ಮ ಅಲ್ಲಿಗೆ ಬಂದಾಗ "ಅಪ್ಪಾ, ಒಂದು ಗುಂಡು ಹೊಡೆದು ನೋಡಿ" ಅಂತ ಪ್ರೀತಿಯಿಂದ ಕೈಗೆ ಕೊಟ್ಟುಬಿಡುತ್ತೀರಿ. ಅದು ಅಪರಾಧ ಆಗುತ್ತದೆ. ನಮ್ಮವರಲ್ಲಿ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

ಜಿಂಕೆ ಬೇಟೆಯ ವಿಷಯ. ಒಹಾಯೊದಲ್ಲಿ ಜಿಂಕೆಗೆ ರೈಫಲ್ ಬಳಸಲು ಮೊದಲು ಅವಕಾಶವೇ ಇರಲಿಲ್ಲ. 2014ರಿಂದ ನೇರ ಗೋಡೆಯ ತೋಟಾಗಳಿಗೆ, ಅಂದರೆ ಕತ್ತು ಸಣ್ಣಗಾಗದೆ ಕೊಳವೆಯಂತೆ ನೆಟ್ಟಗಿರುವ ತೋಟಾಗಳಿಗೆ ಒಪ್ಪಿಗೆ ಕೊಟ್ಟರು. ಗುಂಡಿನ ಅಳತೆ .357 ಇಂಚಿನಿಂದ .50 ಇಂಚಿನವರೆಗೆ. ನಿಮ್ಮ .357 ಆ ಪಟ್ಟಿಯ ಹೊಸ್ತಿಲಲ್ಲೇ ಇದೆ, ಒಳಗೇ ಇದೆ. .44 ಮ್ಯಾಗ್ನಮ್ ಕೂಡ ಸರಿ. ಅಜ್ಜನ .44-40 ಮಾತ್ರ ಕತ್ತಿರುವ ತೋಟಾ, ಆ ಲೆಕ್ಕದಲ್ಲಿ ಅದು ಬರುವುದಿಲ್ಲ. ರೈಫಲ್‌ನಲ್ಲಿ ಹತ್ತು ತೋಟಾ ಹಿಡಿದರೂ ಜಿಂಕೆ ಬೇಟೆಯಲ್ಲಿ ಅಲ್ಲಿ ಒಟ್ಟು ಮೂರೇ ಹಾಕಬೇಕು. ಹೊರಡುವ ಮೊದಲು ಆ ವರ್ಷದ ನಿಯಮದ ಪುಸ್ತಕ ಓದಿ, ಬದಲಾಗುತ್ತಿರುತ್ತದೆ.

.357ರಿಂದ ಜಿಂಕೆ ಬೀಳುತ್ತದಾ ಅಂತ ಗೆಳೆಯರು ಕೇಳುತ್ತಾರೆ. ಬೀಳುತ್ತದೆ, ಆದರೆ ದೂರಕ್ಕೆ ಮಿತಿ ಇದೆ. ನೂರು ಗಜದೊಳಗೆ, ಒಳ್ಳೆಯ 158 ಗ್ರೇನ್ ಮ್ಯಾಗ್ನಮ್ ತೋಟಾದಿಂದ, ಎದೆಗೂಡಿಗೆ. .38ರಿಂದ ಬೇಡವೇ ಬೇಡ. ನೂರು ಗಜಕ್ಕೆ ಹೊಂದಿಸಿದ ರೈಫಲ್‌ನ ಗುಂಡು ಇನ್ನೂರು ಗಜ ಹೋಗುವಷ್ಟರಲ್ಲಿ ಸುಮಾರು ಒಂದೂವರೆ ಅಡಿ ಕೆಳಗೆ ಇಳಿದಿರುತ್ತದೆ, ವೇಗವೂ ಸತ್ತಿರುತ್ತದೆ. ಅಷ್ಟು ದೂರದ ಪ್ರಾಣಿಗೆ ಹೊಡೆದರೆ ಗಾಯ ಮಾಡಿ ಓಡಿಸಿದಂತೆ, ಅದು ಪಾಪದ ಕೆಲಸ. ನೀವು ಬೇಟೆಯನ್ನೇ ಮುಖ್ಯ ಮಾಡಿ ವರ್ಷಕ್ಕೆ ಐವತ್ತು ತೋಟಾ ಮಾತ್ರ ಹೊಡೆಯುವವರಾಗಿದ್ದರೆ ನಾನೇ .44 ತಗೊಳ್ಳಿ ಅನ್ನುತ್ತಿದ್ದೆ. ಆದರೆ ನಿಮ್ಮ ಪತ್ರದಲ್ಲಿ ವಾರಕ್ಕೊಮ್ಮೆ ರೇಂಜು, ವರ್ಷಕ್ಕೊಮ್ಮೆ ಬೇಟೆ. ಲೆಕ್ಕ ನೀವೇ ಹೇಳಿದ್ದೀರಿ.

ಇನ್ನು ರೈಫಲ್. ಸಿಗುವವುಗಳಲ್ಲಿ ಎರಡು ವಂಶ ಇವೆ ಅಂದುಕೊಳ್ಳಿ. ಒಂದು ಜಾನ್ ಬ್ರೌನಿಂಗ್ ವಿಂಚೆಸ್ಟರ್ ಕಂಪನಿಗೆ ಮಾಡಿಕೊಟ್ಟ 1892ರ ಮಾದರಿ. ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟಿನ ಹಿಂದೆ ಎಡಕ್ಕೊಂದು ಬಲಕ್ಕೊಂದು ಎರಡು ಉಕ್ಕಿನ ಬೀಗ, ಲಿವರ್ ಮುಚ್ಚಿದಾಗ ಕೆಳಗಿನಿಂದ ಮೇಲೆದ್ದು ನಿಲ್ಲುತ್ತವೆ. ಬಾಗಿಲಿಗೆ ಎರಡೂ ಕಡೆ ಅಗಳಿ ಹಾಕಿದಂತೆ. 1873ರದ್ದರಲ್ಲಿ ಇದ್ದದ್ದು ಮೊಣಕೈಯಂತೆ ಮಡಚುವ ಕೀಲು. ಕಪ್ಪು ಮದ್ದಿಗೆ ಸಾಕಾಗಿತ್ತು, ಅಷ್ಟೇ. 92 ಹಗುರ, ಆದರೂ ಬಲ ಜಾಸ್ತಿ. ಇವತ್ತು ಬ್ರೆಜಿಲ್‌ನ ರೊಸ್ಸಿ ಇದನ್ನು ಅಗ್ಗದಲ್ಲಿ ಮಾಡುತ್ತದೆ, ಜಪಾನಿನ ಮಿರೊಕು ವಿಂಚೆಸ್ಟರ್ ಹೆಸರಿನಲ್ಲಿ ನಾಜೂಕಾಗಿ ಮಾಡುತ್ತದೆ. ಇನ್ನೊಂದು ವಂಶ ಮಾರ್ಲಿನ್ 1894. ಇದರ ನೆತ್ತಿ ಮುಚ್ಚಿರುತ್ತದೆ, ಖಾಲಿ ತೋಟಾ ಬಲಗಡೆಗೆ ಹಾರುತ್ತದೆ. 92ರಲ್ಲಿ ನೆತ್ತಿ ತೆರೆದಿರುತ್ತದೆ, ಖಾಲಿ ತೋಟಾ ಮೇಲಕ್ಕೇ ಚಿಮ್ಮುತ್ತದೆ. ಹಾಗಾಗಿ 92ರ ಮೇಲೆ ದುರ್ಬೀನು ಕೂರಿಸುವುದು ಕಷ್ಟ, ಮಾರ್ಲಿನ್ ಮೇಲೆ ಸುಲಭ. ನಲವತ್ತೈದು ದಾಟಿದ ಕಣ್ಣಿಗೆ ಇದು ಸಣ್ಣ ವಿಷಯ ಅಲ್ಲ.

ಹೆನ್ರಿ ಕಂಪನಿಯ ಬಿಗ್ ಬಾಯ್ ಕೂಡ ಬಲಗಡೆಗೇ ಎಸೆಯುತ್ತದೆ. ಲಿವರ್ ಬಹಳ ನಯ, ಕೈಗೆ ತಕ್ಷಣ ಇಷ್ಟವಾಗುತ್ತದೆ. ಹಿತ್ತಾಳೆ ಬಣ್ಣದ್ದು ನಾಲ್ಕು ಕಿಲೋ ಹತ್ತಿರ ತೂಗುತ್ತದೆ. ಮೇಜಿನ ಮೇಲೆ ಇಟ್ಟು ಹೊಡೆಯಲು ಸುಖ, ಕಾಡಿನಲ್ಲಿ ಅರ್ಧ ದಿನ ಹೊರಲು ಭಾರ. ಉಕ್ಕಿನದು ಹಗುರ. ಮೊದಲು ಇವಕ್ಕೆ ನಳಿಗೆಯ ಕೆಳಗಿನ ತೋಟಾ ಕೊಳವೆಯ ಮುಂದಿನಿಂದ, ಒಳಗಿನ ಸಣ್ಣ ಕೊಳವೆಯನ್ನು ಎಳೆದೇ ತೋಟಾ ತುಂಬಬೇಕಿತ್ತು, ಈಗ ಪಕ್ಕದ ಬಾಗಿಲೂ ಇರುವ ಮಾದರಿಗಳಿವೆ. ಎರಡೂ ಇರುವುದನ್ನೇ ತಗೊಳ್ಳಿ. ಯಾಕೆ ಅಂದರೆ, ಬರೀ ಪಕ್ಕದ ಬಾಗಿಲು ಇದ್ದರೆ ತುಂಬಿದ ತೋಟಾ ಹೊರತೆಗೆಯಲು ಒಂದೊಂದನ್ನೂ ನಳಿಗೆಯ ಹಿಂದಕ್ಕೆ ತಂದು ತಂದು ಎಸೆಯಬೇಕು. ಎಳೆಯುವ ಆ ಒಳಕೊಳವೆಯಿದ್ದರೆ ಅದನ್ನು ಎಳೆದು, ರೈಫಲ್ ಬಗ್ಗಿಸಿದರೆ ತೋಟಾಗಳು ಜಾರಿ ಅಂಗೈಗೆ ಬರುತ್ತವೆ. ಮನೆಯಲ್ಲಿ ಮಕ್ಕಳಿದ್ದರೆ ಈ ಒಂದೇ ಕಾರಣ ಸಾಕು.

ಮಾರ್ಲಿನ್ ಕೊಳ್ಳುವುದಾದರೆ ಯಾವ ಕಾಲದ್ದು ಅಂತ ಕೇಳಿ. 2007ರ ಕೊನೆಗೆ ಆ ಕಂಪನಿ ರೆಮಿಂಗ್ಟನ್ ಕೈಗೆ ಹೋಯಿತು. ನಂತರದ ಕೆಲವು ವರ್ಷ ಬಂದ ರೈಫಲ್‌ಗಳ ಕೆಲಸ ಒರಟು ಅಂತ ಹೆಸರು ಕೆಡಿಸಿಕೊಂಡವು. 2020ರಲ್ಲಿ ರೆಮಿಂಗ್ಟನ್ ದಿವಾಳಿಯಾದಾಗ ರೂಗರ್ ಕಂಪನಿ ಮಾರ್ಲಿನ್ ಹೆಸರನ್ನು ಕೊಂಡಿತು, ಈಗ ಅದೇ ಮಾಡುತ್ತಿದೆ. ಈಗಿನವು ಚೆನ್ನಾಗಿವೆ. ನಡುವಿನ ಕಾಲದ್ದು ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಕ್ಕರೆ ಸುಮ್ನೆ ಆಸೆ ಪಡಬೇಡಿ, ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡಿ.

ಕೈಯಲ್ಲಿ ಹಿಡಿದು ಏನು ನೋಡಬೇಕು? ಖಾಲಿ ಇದೆ ಅಂತ ಮೊದಲು ಕಣ್ಣಿನಿಂದ, ಆಮೇಲೆ ಕಿರುಬೆರಳಿನಿಂದ ನೋಡಿ. ಲಿವರನ್ನು ನಿಧಾನ ಕೆಳಗೆ ತನ್ನಿ. ಬೋಲ್ಟ್ ಹಿಂದೆ ಸರಿಯುತ್ತಾ ಹ್ಯಾಮರನ್ನು, ನಮ್ಮ ಕಡೆಯವರು ಕುದುರೆ ಅನ್ನುವುದನ್ನು, ಹಿಂದಕ್ಕೆ ಮಲಗಿಸುತ್ತದೆ. ಕೊನೆಯ ಒಂದು ಬೆರಳಿನಷ್ಟು ದೂರದಲ್ಲಿ ಸಣ್ಣ ಬಿಗಿ ಬರುತ್ತದೆ, 92ರ ಮಾದರಿಯಲ್ಲಿ ಆಗ ಕೆಳಗಿನ ತಟ್ಟೆ ತೋಟಾವನ್ನು ಮೇಲೆತ್ತುತ್ತದೆ. ಆ ಬಿಗಿ ಎಷ್ಟಿದೆ ನೋಡಿ. ಕೆರೆದಂತೆ, ಮರಳು ಸಿಕ್ಕಂತೆ ಅನ್ನಿಸಬಾರದು. ಹೊಸಬರು ಮಾಡುವ ತಪ್ಪು ಇಲ್ಲೇ ಆಗುತ್ತದೆ. ಆ ಬಿಗಿ ಬಂದ ಕೂಡಲೇ ಮುಗಿಯಿತು ಅಂದುಕೊಂಡು ಲಿವರ್ ವಾಪಸ್ ಎಳೆಯುತ್ತಾರೆ, ತೋಟಾ ಅಡ್ಡ ಸಿಕ್ಕಿ ನಿಲ್ಲುತ್ತದೆ. ಲಿವರ್ ಅನ್ನು ಹೆದರದೆ ಕೊನೆಯವರೆಗೆ ಮುಂದೆ ತಳ್ಳಬೇಕು, ಹಾಗೇ ಹಿಂದೆ ತರಬೇಕು. ಹಳೆಯ ಮಾರ್ಲಿನ್ 1894 ಆದರೆ ತೋಟಾ ಎತ್ತುವ ತಟ್ಟೆಯ ಕೆಳಭಾಗವನ್ನು ಬೆಳಕು ಬಿಟ್ಟು ನೋಡಿ. ಲಿವರಿನ ಚೂಪು ಅಂಚು ಉಜ್ಜಿ ಅಲ್ಲಿ ಗೀರು ಬಿದ್ದಿದ್ದರೆ ಮುಂದೊಂದು ದಿನ ಎರಡನೆಯ ತೋಟಾ ತಟ್ಟೆಯ ಕೆಳಗೆ ನುಗ್ಗಿ ಇಡೀ ಯಂತ್ರ ಬಿಗಿದುಕೊಳ್ಳುತ್ತದೆ. ಆ ರೈಫಲ್‌ಗೆ ಇದು ಹಳೆಯ ಕಾಯಿಲೆ, ರಿಪೇರಿ ಮಾಡುವವರಿಗೆಲ್ಲ ಗೊತ್ತು.

ಎಡಗೈಯವರಿಗೆ ಲಿವರ್ ರೈಫಲ್‌ಗಿಂತ ಒಳ್ಳೆಯದು ಸಿಗುವುದು ಕಷ್ಟ. ಬೋಲ್ಟ್ ರೈಫಲ್‌ನ ಹಿಡಿ ಬಲಕ್ಕಿರುತ್ತದೆ, ಎಡಚರು ಕೈ ದಾಟಿಸಿ ಒದ್ದಾಡಬೇಕು. ಲಿವರ್ ನಟ್ಟನಡುವೆ ಇದೆ, ಯಾವ ಕೈಯಾದರೂ ಒಂದೇ. ಬಲಕ್ಕೆ ಹಾರುವ ಖಾಲಿ ತೋಟಾ ಎಡಚರ ಮುಖದ ಮುಂದೆ ಹಾದುಹೋಗುತ್ತದೆ, ಕನ್ನಡಕ ಹಾಕಿಕೊಂಡರೆ ತೊಂದರೆಯಿಲ್ಲ. ಇನ್ನೊಂದು, ನಿಮ್ಮ ಹೆಂಡತಿಯ ತೋಳಿನ ಉದ್ದಕ್ಕೆ ರೈಫಲ್ ಸರಿಹೊಂದುತ್ತದಾ ಅಂತ ಅಂಗಡಿಯಲ್ಲೇ ಹೆಗಲಿಗಿಟ್ಟು ನೋಡಲು ಹೇಳಿ. ಇಬ್ಬರೂ ಹೊಡೆಯುವ ರೈಫಲ್ ಅನ್ನು ಒಬ್ಬರೇ ಹೋಗಿ ತರಬಾರದು.

ನನ್ನ ಆಯ್ಕೆ ಕೇಳಿದರೆ: ದುರ್ಬೀನು ಬೇಕಾದರೆ ಈಗಿನ ಮಾರ್ಲಿನ್ 1894, ಅಥವಾ ಪಕ್ಕದ ಬಾಗಿಲಿರುವ ಉಕ್ಕಿನ ಹೆನ್ರಿ. ಕಬ್ಬಿಣದ ಸೈಟ್ ಸಾಕು, ಹಗುರ ಇರಲಿ ಅಂದರೆ 20 ಇಂಚಿನ ರೊಸ್ಸಿ 92. ಮಕ್ಕಳ ಮನೆ ಅಂತಾದರೆ ಹೆನ್ರಿಗೆ ನನ್ನ ಮತ. ಯಾವುದೇ ಆದರೂ ಒಂದು ಡಬ್ಬಿ .38, ಒಂದು ಡಬ್ಬಿ .357 ಹೊಡೆದು ನೋಡಿ. ಕೆಲವು ರೈಫಲ್‌ಗೆ ಗಿಡ್ಡ .38 ತೋಟಾ ಸರಿಯಾಗಿ ಏರುವುದಿಲ್ಲ. ಮೂತಿಯೇ ಇಲ್ಲದ ಚಪ್ಪಟೆ ಗುಂಡಿನವು ಅಂತೂ ಹೆಚ್ಚಿನವುಗಳಲ್ಲಿ ಸಿಕ್ಕಿಕೊಳ್ಳುತ್ತವೆ. .38 ಬಹಳ ಹೊಡೆದ ದಿನ ನಳಿಗೆಯ ಹಿಂಬಾಯಿಯನ್ನು ಬ್ರಶ್ ಹಾಕಿ ಉಜ್ಜಿ. ಗಿಡ್ಡ ತೋಟಾ ನಿಲ್ಲುವ ಕಡೆ ಮಸಿಯ ಉಂಗುರ ಕಟ್ಟುತ್ತದೆ, ಆಮೇಲೆ ಉದ್ದದ .357 ಒಳಗೆ ಹೋಗಲು ತಡೆಯುತ್ತದೆ. ಚೂಪು ಮೂತಿಯ ಗಟ್ಟಿ ಗುಂಡು ಕೊಳವೆಯಲ್ಲಿ ಹಾಕಲೇಬಾರದು. ಅಲ್ಲಿ ಒಂದರ ಮೂತಿ ಮುಂದಿನದರ ಬೆನ್ನಿನ ಕ್ಯಾಪಿಗೆ ತಾಗಿ ನಿಂತಿರುತ್ತದೆ, ಒದೆತಕ್ಕೆ ಕುಟ್ಟಿದರೆ ಕೊಳವೆಯಲ್ಲೇ ಸಿಡಿಯಬಹುದು. ಚಪ್ಪಟೆ ಮೂತಿ ಅಥವಾ ಇದಕ್ಕೇ ಮಾಡಿದ ಮೆತ್ತನೆ ರಬ್ಬರ್ ಮೂತಿಯದು ಸರಿ.

ಈಗ ಅಜ್ಜನ ರೈಫಲ್.

ಜಮಖಂಡಿ, ಮುಧೋಳ, ರಾಮದುರ್ಗ ಎಲ್ಲ ಸಂಸ್ಥಾನಗಳಾಗಿದ್ದ ಊರು. ಆ ಕಾಲದ ಮನೆತನಗಳ ವಾಡೆಗಳಲ್ಲಿ ಇಂಥ ರೈಫಲ್ ಇವತ್ತಿಗೂ ಇವೆ. ಮುಧೋಳ ಕಡೆಯ ಒಂದು ಮನೆಗೆ, ಲೈಸೆನ್ಸ್ ನವೀಕರಣಕ್ಕೆ ಮೊದಲು ನೋಡಿಕೊಡಿ ಅಂತ ಕರೆದಿದ್ದರು. ಹಿರಿಯರು ಬಟ್ಟೆ ಬಿಚ್ಚಿ ರೈಫಲ್ ಹೊರತೆಗೆದರು. "ನಲವತ್ತು ವರ್ಷದಿಂದ ಖಾಲಿ ಇದೆ" ಅಂದರು. ನಾನು ಹಾಸಿಗೆಯ ಮೇಲೆ ಬಿಳಿ ಚಾದರ ಹಾಸಿಸಿ, ಎಲ್ಲರನ್ನೂ ಹೊರಗೆ ಕಳಿಸಿ, ನಳಿಗೆಯನ್ನು ದಪ್ಪ ಗೋಡೆಯ ಕಡೆ ಇಟ್ಟು ಲಿವರ್ ಬಿಟ್ಟೆ. ಏನೂ ಬರಲಿಲ್ಲ. ಇನ್ನೊಮ್ಮೆ ಬಿಟ್ಟೆ. ಟಪ್ ಅಂತ ಒಂದು ತೋಟಾ ಚಾದರದ ಮೇಲೆ ಬಿತ್ತು, ಹಸಿರು ಕಿಲುಬು ಹಿಡಿದದ್ದು. ಆಮೇಲೆ ಇನ್ನೊಂದು. ಐದು ಬಂದವು. ಕೊನೆಯದು ಬರುವಾಗ ಒಳಗಿನ ಸ್ಪ್ರಿಂಗ್ ನಿಧಾನಕ್ಕೆ ಕಿರ್ ಅಂದದ್ದು ಇನ್ನೂ ಕಿವಿಯಲ್ಲಿದೆ. ನಲವತ್ತು ವರ್ಷ ಆ ಮನೆಯ ಮಕ್ಕಳು ಮೊಮ್ಮಕ್ಕಳು ಅದನ್ನು ಹಬ್ಬಕ್ಕೆ ಒರೆಸಿ, ಆಯುಧ ಪೂಜೆಗೆ ಇಟ್ಟು, ಫೋಟೊ ತೆಗೆಸಿಕೊಂಡಿದ್ದರು.

ಇದು ಕೊಳವೆಯ ಗುಣ. ನಳಿಗೆಯ ಕೆಳಗೆ ಮುಚ್ಚಿದ ಕೊಳವೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಸ್ಪ್ರಿಂಗ್ ಸುಸ್ತಾಗಿದ್ದರೆ ತೋಟಾ ಒಳಗೇ ನಿಂತಿರುತ್ತದೆ. ಲಿವರ್ ಒಮ್ಮೆ ಬಿಟ್ಟು ಏನೂ ಬರಲಿಲ್ಲ ಅಂದರೆ ಖಾಲಿ ಅಂತ ಅಲ್ಲ. ದಯವಿಟ್ಟು ಅಪ್ಪನಿಗೆ ಇವತ್ತೇ ಫೋನ್ ಮಾಡಿ, ಅದನ್ನು ಯಾರೂ ಮುಟ್ಟದೆ ಹಾಗೇ ಬೀಗದಲ್ಲಿ ಇಡಲು ಹೇಳಿ. ಲೈಸೆನ್ಸ್ ಇರುವ ಡೀಲರ್ ಅಥವಾ ರಿಪೇರಿಯವರು ನೋಡಲಿ. ನೆತ್ತಿಯ ಮೇಲೆ ಹಿಂದೆ ಮುಂದೆ ಸರಿಯುವ ಮುಚ್ಚಳ ಇದ್ದರೆ ಅದು 1873ರ ಮಾದರಿ. ಮುಚ್ಚಳ ಇಲ್ಲದೆ, ಬೋಲ್ಟಿನ ಅಕ್ಕಪಕ್ಕ ಆ ಎರಡು ಉಕ್ಕಿನ ಬೀಗ ಕಂಡರೆ 1892ರದ್ದು. ವ್ಯತ್ಯಾಸ ಬರೀ ಇತಿಹಾಸದ್ದಲ್ಲ. 20ನೇ ಶತಮಾನದ ಆರಂಭದಲ್ಲಿ 92ಕ್ಕಾಗಿ ಜೋರಾದ .44-40 ತೋಟಾ ಕೂಡ ಬಂದಿದ್ದವು, 73ಕ್ಕೆ ಅವು ಆಗುವುದಿಲ್ಲ. ಹಳೆಯ ಡಬ್ಬಿಯಲ್ಲಿ ಉಳಿದ ತೋಟಾ ಯಾವುದು ಅಂತ ನೋಡಿ ಹೇಳುವುದು ಕಷ್ಟ. ಅವನ್ನು ಹೊಡೆಯಬೇಡಿ.

ಕಾಗದದ ಕೆಲಸ. ಅಪ್ಪನಿಗೆ 76 ಅಂದಿರಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಇರುವವರಿಗೆ 70 ತುಂಬಿದರೆ ಅಥವಾ ಬಂದೂಕು ಅವರ ಬಳಿ 25 ವರ್ಷ ಇದ್ದರೆ, ಅವರು ಸೂಚಿಸಿದ ವಾರಸುದಾರರು ಲೈಸೆನ್ಸಿಗೆ ಅರ್ಜಿ ಹಾಕಬಹುದು. ಅಪ್ಪ ಗಟ್ಟಿಮುಟ್ಟಾಗಿ ಇರುವಾಗಲೇ, ಅವರ ಸಹಿ ಇರುವಾಗಲೇ ಇದನ್ನು ಮಾಡಿ. ಆಮೇಲೆ ಅಂತ ಬಿಟ್ಟರೆ ಅಣ್ಣತಮ್ಮಂದಿರ ಒಪ್ಪಿಗೆ ಪತ್ರ, ವಾರಸಾ ಪ್ರಮಾಣಪತ್ರ ಅಂತ ವರ್ಷಗಟ್ಟಲೆ ಅಲೆದಾಟ. ವಾರಸುದಾರರು ಊರಲ್ಲಿ ಇರುವವರಾದರೆ ಒಳ್ಳೆಯದು. ನೀವು ಒಹಾಯೊದಲ್ಲಿ, ರೈಫಲ್ ಜಮಖಂಡಿಯಲ್ಲಿ ಅಂದರೆ ನವೀಕರಣ, ಪೊಲೀಸ್ ತಪಾಸಣೆ, ಚುನಾವಣೆ ಬಂದಾಗ ಠಾಣೆಯಲ್ಲಿ ಇಟ್ಟು ಬರುವುದು, ಎಲ್ಲ ಯಾರು ಮಾಡುತ್ತಾರೆ? ತಮ್ಮನೋ ತಂಗಿಯೋ ಇದ್ದರೆ ಅವರ ಹೆಸರಿಗೆ ಮಾಡಿಸಿ. ಅರ್ಜಿ ಬಾಗಲಕೋಟೆ ಜಿಲ್ಲಾಧಿಕಾರಿ ಕಚೇರಿಗೆ. ಲೈಸೆನ್ಸಿನ ಮೇಲೆ ಯುಐಎನ್, ಅಂದರೆ ಲೈಸೆನ್ಸುದಾರರಿಗೆ ಕೊಡುವ ವಿಶಿಷ್ಟ ಗುರುತು ನಂಬರ್, ಇದೆಯಾ, ಬರೆದ ಬೋರ್ (ನಳಿಗೆಯ ಅಳತೆ) ಮತ್ತು ಸೀರಿಯಲ್ ನಂಬರ್ ರೈಫಲ್ ಮೇಲಿನದಕ್ಕೆ ತಾಳೆಯಾಗುತ್ತದಾ ನೋಡಿ. 2019ರ ತಿದ್ದುಪಡಿ ನಂತರ ಒಬ್ಬರಿಗೆ ಎರಡೇ ಬಂದೂಕು, ಅದನ್ನೂ ಗಮನದಲ್ಲಿಡಿ. ಕಬ್ಬಿನ ಗದ್ದೆಗೆ ಹಂದಿ ಬರುತ್ತದೆ, ಅದಕ್ಕಾದರೂ ಇರಲಿ ಅಂತ ಊರಲ್ಲಿ ಯಾರಾದರೂ ಅಂದರೆ ಒಪ್ಪಬೇಡಿ. ಬಂದೂಕಿನ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ.

ತೋಟಾ? ನಮ್ಮ ಸರ್ಕಾರಿ ಕಾರ್ಖಾನೆಗಳು ನಾಗರಿಕರಿಗೆ ಮಾಡುವುದು .22, .32, .315, .30-06, 12 ಬೋರ್ ಇಂಥವು. .44-40 ಅದರಲ್ಲಿ ಇಲ್ಲ. ಆ ರೈಫಲ್ ಇನ್ನು ಮನೆಯ ನೆನಪಾಗಿ, ಎಣ್ಣೆ ಹಚ್ಚಿಸಿಕೊಂಡು ಇರಲಿ. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ, ಚರ್ಮ ತೇವ ಹಿಡಿದು ಉಕ್ಕು ತಿನ್ನುತ್ತದೆ. ಹತ್ತಿ ಬಟ್ಟೆ ಸುತ್ತಿ, ಗೋಡೆಗೆ ತಾಗದಂತೆ ಕಪಾಟಿನಲ್ಲಿ ನಿಲ್ಲಿಸಿ.

ನೀವು ಕೊಳ್ಳುವ ರೈಫಲ್ ಅನ್ನು ಮುಂದೆ ಊರಿಗೆ ತರುವ ಯೋಚನೆಯನ್ನೂ ಈಗ ಬೇಡ ಅನ್ನುತ್ತೇನೆ. ವಾಸ ಬದಲಿಸಿ ಬರುವವರಿಗೆ ಒಂದು ಬಂದೂಕಿನ ಅವಕಾಶ ನಿಯಮದಲ್ಲಿದೆ. ಅದಕ್ಕೆ ಇಲ್ಲಿನ ಲೈಸೆನ್ಸ್ ಮೊದಲೇ ಕೈಯಲ್ಲಿರಬೇಕು, ನಿಷೇಧಿತ ಬೋರ್ ಆಗಿರಬಾರದು, ಸುಂಕ ಕಟ್ಟಬೇಕು. ಅಮೆರಿಕದಿಂದ ಹೊರಗೆ ಕಳಿಸಲು ಅಲ್ಲಿನ ನಿಯಮ ಬೇರೆ.

ತೋಟಾದ ಡಬ್ಬಿ ಇರಲಿ, ಒಂದೇ ಒಂದು ತೋಟಾ ಕೂಡ ಬ್ಯಾಗಿನಲ್ಲಿ ಬರಬಾರದು. ರೇಂಜಿಗೆ ಒಯ್ದ ಬ್ಯಾಗನ್ನೇ ಊರಿಗೆ ಹೊರಡುವಾಗ ತಂದು, ಅಡಿಯ ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ತೋಟಾದಿಂದ ವಿಮಾನ ನಿಲ್ದಾಣದಲ್ಲೇ ಕೇಸು ಹಾಕಿಸಿಕೊಂಡವರಿದ್ದಾರೆ. ಬೆಂಗಳೂರಿನಲ್ಲಿ ತಪ್ಪಿಸಿಕೊಂಡರೂ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ಬರುವ ವಿಮಾನ ಹತ್ತುವಾಗ ಎಕ್ಸ್‌ರೇ ಹಿಡಿಯುತ್ತದೆ. ರೇಂಜಿಗೆ ಬೇರೆ ಬಣ್ಣದ್ದೊಂದು ಬ್ಯಾಗ್ ಇಟ್ಟುಕೊಳ್ಳಿ, ಅದು ಕಾರಿನ ಡಿಕ್ಕಿಯಿಂದ ಮನೆಯ ಲಾಕರ್‌ವರೆಗೆ ಮಾತ್ರ ಓಡಾಡಲಿ. ಜಾಕೆಟ್ಟಿನ ಜೇಬನ್ನೂ ತಿರುಗಿಸಿ ನೋಡಿ.